ಆಟವೋ, ಕಾಟವೋ?

ಮಹಾಭಾರತದ ಯುದ್ಧಕ್ಕೆ ಕಾರಣವೇನೆಂದು ಕೇಳಿದರೆ ದ್ಯೂತವೆಂದು ಕೆಲವರು ಹೇಳುತ್ತಾರೆ, ದ್ರೌಪದಿಯ ಮಾನಭಂಗವೆಂದು ಕೆಲವರು, ರಾಜ್ಯಲೋಭವೆಂದು ಮತ್ತೆ ಕೆಲವರು. ಆದಿಪರ್ವವನ್ನು ನಿಧಾನವಾಗಿ ಓದಿದವರಿಗೆ ಇವೆಲ್ಲಕ್ಕೂ ಹಿಂದಿನದೊಂದು ಬೀಜ ಕಣ್ಣಿಗೆ ಬೀಳುತ್ತದೆ. ಅದು ಹಸ್ತಿನಾವತಿಯ ಹುಡುಗರು ಆಡುತ್ತಿದ್ದ ಆಟ. ಭೀಮಸೇನ ಎಲ್ಲರಿಗಿಂತ ಬಲಶಾಲಿ. ಅವನು ಕೌರವರ ಜುಟ್ಟು ಹಿಡಿದು ನೆಲದ ಮೇಲೆ ಎಳೆಯುವನು. ಒಬ್ಬನ ತಲೆಯನ್ನು ಇನ್ನೊಬ್ಬನ ತಲೆಗೆ ಬಡಿಯುವನು. ನೀರಾಟದಲ್ಲಿ ಹತ್ತು ಮಂದಿಯನ್ನು ತೋಳುಗಳಲ್ಲಿ ಅವುಚಿ ಮುಳುಗಿಸಿ, ಉಸಿರು ಕಟ್ಟುವ ಹೊತ್ತಿಗೆ ಬಿಡುವನು. ಅವರು ಹಣ್ಣಿಗಾಗಿ ಮರ ಹತ್ತಿದರೆ ಬುಡಕ್ಕೆ ಒದ್ದು ಹಣ್ಣಿನ ಜೊತೆಗೆ ಅವರನ್ನೂ ಉದುರಿಸುವನು. ಇದನ್ನೆಲ್ಲ ಅವನು ದ್ರೋಹಬುದ್ಧಿಯಿಂದ ಮಾಡಲಿಲ್ಲ, ಬಾಲಬುದ್ಧಿಯಿಂದ ಮಾಡಿದನೆಂದು ವ್ಯಾಸರು ಹೇಳುತ್ತಾರೆ. ಇರಬಹುದು. ಆದರೆ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ದುರ್ಯೋಧನ ಅನ್ನದಲ್ಲಿ ವಿಷವಿಕ್ಕಿ ಭೀಮನನ್ನು ಗಂಗೆಗೆ ನೂಕಿದ. ಬದುಕಿ ಬಂದ ಭೀಮ ನಡೆದುದನ್ನು ಹೇಳಿದಾಗ, ಇದನ್ನು ಹೊರಗೆ ಎಲ್ಲಿಯೂ ಆಡಬೇಡವೆಂದು ಧರ್ಮರಾಯ ಎಚ್ಚರಿಸಿದ. ವಿದುರನೂ ಕುಂತಿಗೆ ಅದೇ ಬುದ್ಧಿ ಹೇಳಿದ್ದ. ಅವರ ಕಷ್ಟ ಅವರಿಗೆ. ಆದರೂ ಮಕ್ಕಳ ಆಟದಲ್ಲಿ ಮೊಳೆತ ಹಗೆಯನ್ನು ಆ ಮನೆಯ ಹಿರಿಯರು ಯಾರೂ ಅಂಗಳದಲ್ಲಿಯೇ ಬಿಡಿಸಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಶಾಲೆಯ ಬಯಲಿನಲ್ಲಿ ಈ ಕಥೆ ಈಗಲೂ ಮುಗಿದಿಲ್ಲ. ದೊಡ್ಡ ಹುಡುಗರು ಚಿಕ್ಕವರನ್ನು ಕಾಡುವುದು, ಆಟ ಬಾರದವನಿಗೆ ಅಡ್ಡಹೆಸರಿಟ್ಟು ನಗುವುದು, ಹೊಸದಾಗಿ ತಂಡಕ್ಕೆ ಸೇರಿದವನಿಂದ ಹಿರಿಯರ ಬೂಟು ಹೊರಿಸುವುದು, ನಾಟಕದ ತಾಲೀಮಿನಲ್ಲಿ ಒಬ್ಬನನ್ನೇ ಗುರಿಮಾಡಿ ಅಳಿಸುವುದು, ಇವೆಲ್ಲ ಉಪಾಧ್ಯಾಯರಾದವರು ಕಂಡ ಸಂಗತಿಗಳೇ. ತಡೆಯ ಹೋದವರಿಗೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ: ‘ಇದು ಬರಿಯ ಹುಡುಗಾಟ’, ‘ಇದರಿಂದ ಹುಡುಗ ಗಟ್ಟಿಯಾಗುತ್ತಾನೆ’, ‘ಇದು ಹಿಂದಿನಿಂದ ಬಂದ ಪದ್ಧತಿ’. ಈ ಮೂರು ಉತ್ತರಗಳು ಬಹುಕಾಲ ಗಟ್ಟಿಯಾಗಿ ಬೇರು ಬಿಟ್ಟಿದ್ದ ಒಂದು ನಾಡಿನ ಚರಿತ್ರೆಯನ್ನು ಇಲ್ಲಿ ನೋಡೋಣ. ಅದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು. ಫುಟ್‌ಬಾಲು, ಕ್ರಿಕೆಟ್ಟು ಮುಂತಾದ ನಮ್ಮ ಶಾಲೆಗಳ ಆಟಗಳಲ್ಲಿ ಹಲವು ಅಲ್ಲಿಂದ ಬಂದವಾದುದರಿಂದ ಆ ಚರಿತ್ರೆ ನಮಗೆ ಪರಕೀಯವಲ್ಲ.

ಮೊದಲು ಒಂದು ದುಃಖದ ಪ್ರಸಂಗ. ಈಟನ್ ಎಂಬುದು ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ಓದುವ ಪ್ರಸಿದ್ಧ ಶಾಲೆ. ಅಲ್ಲಿ ಹುಡುಗರಲ್ಲಿ ಜಗಳ ಬಂದರೆ ಬಯಲಿನಲ್ಲಿ ಎಲ್ಲರ ಮುಂದೆ ಮುಷ್ಟಿಯುದ್ಧ ಮಾಡಿ ತೀರಿಸಿಕೊಳ್ಳುವುದು ವಾಡಿಕೆ. 1825ರ ಫೆಬ್ರವರಿ 28ರಂದು ಷಾಫ್ಟ್ಸ್‌ಬರಿ ಪ್ರಭುವಿನ ಮಗ ಫ್ರಾನ್ಸಿಸ್ ಆಶ್ಲಿಯೂ ಅವನಿಗಿಂತ ದೊಡ್ಡವನಾದ ಇನ್ನೊಬ್ಬ ಹುಡುಗನೂ ಹೀಗೆ ಹೋರಾಡಿದರು. ಸುಮಾರು ಎರಡು ಗಂಟೆಗಳ ಕಾಲ, ಅರವತ್ತು ಸುತ್ತುಗಳವರೆಗೆ ಅದು ನಡೆಯಿತು. ಸೋತು ಬಿದ್ದ ಹುಡುಗನ ಬಾಯಿಗೆ ಜೊತೆಯವರು ಬ್ರಾಂದಿ ಸುರಿದು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಕೊನೆಗೆ ಅವನನ್ನು ಹೊತ್ತು ತಂದು ಹಾಸಿಗೆಯ ಮೇಲೆ ಮಲಗಿಸಿದರು, ಮಲಗಿದವನು ಏಳಲಿಲ್ಲ. ಎದುರಾಳಿಯ ಮೇಲೆ ಮೊಕದ್ದಮೆ ನಡೆಯಿತಾದರೂ ಸಾಕ್ಷ್ಯ ಮುಂದೆ ಬಾರದೆ ಅವನು ಬಿಡುಗಡೆ ಹೊಂದಿದ. ಸತ್ತ ಹುಡುಗನ ಅಣ್ಣ ಮುಂದೆ ತಂದೆಯ ಪದವಿಗೆ ಬಂದು, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಪರವಾಗಿ ಪಾರ್ಲಿಮೆಂಟಿನಲ್ಲಿ ವರ್ಷಾನುಗಟ್ಟಲೆ ವಾದಿಸಿದ ಪ್ರಸಿದ್ಧ ಷಾಫ್ಟ್ಸ್‌ಬರಿ.

ಇಲ್ಲಿ ನಾವು ನೋಡಬೇಕಾದುದು ಹೋರಾಡಿದ ಇಬ್ಬರನ್ನು ಮಾತ್ರವಲ್ಲ, ಸುತ್ತ ನಿಂತವರನ್ನು. ಸಾಕು ಎನ್ನಬಹುದಾಗಿದ್ದ ಹುಡುಗರು ಅಲ್ಲಿ ಬಹುಮಂದಿ ಇದ್ದರು. ಒಬ್ಬನೂ ಎನ್ನಲಿಲ್ಲ. ಪದ್ಧತಿಯೆಂಬ ಮಾತಿಗೆ ಅಷ್ಟು ಬಲ.

ಈ ಶಾಲೆಗಳಲ್ಲಿ ‘ಫ್ಯಾಗಿಂಗ್’ ಎಂಬ ಇನ್ನೊಂದು ಪದ್ಧತಿ ಇದ್ದಿತು. ಮೇಲಿನ ತರಗತಿಯ ಹುಡುಗನಿಗೆ ಕೆಳಗಿನ ತರಗತಿಯ ಹುಡುಗ ಊಳಿಗ ಮಾಡಬೇಕು. ರೊಟ್ಟಿ ಕಾಯಿಸಬೇಕು, ಕೋಣೆ ಗುಡಿಸಬೇಕು, ಕೂಗಿದಾಗ ಓಡಬೇಕು. ಆಟದ ಬಯಲಿನಲ್ಲಿಯೂ ಇದು ತಪ್ಪುತ್ತಿರಲಿಲ್ಲ. ಹಿರಿಯರು ಕ್ರಿಕೆಟ್ ಆಡುವಾಗ ಚಿಕ್ಕವರು ಗಂಟೆಗಟ್ಟಲೆ ಚೆಂಡು ಹೆಕ್ಕಿ ತರಬೇಕು. ದೊಡ್ಡ ಪಂದ್ಯಗಳಲ್ಲಿ ಗೋಲಿನ ಬಳಿ ಚಳಿಯಲ್ಲಿ ಸಾಲಾಗಿ ನಿಲ್ಲಬೇಕು. ಇದನ್ನು ಅನುಭವಿಸಿದ ಹುಡುಗ ದೊಡ್ಡವನಾದ ಮೇಲೆ ಏನು ಮಾಡುವನು? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಮ್ಮ ಹೆಂಗಸರು ಹೇಳುವಂತೆ, ತಾನು ಪಟ್ಟುದನ್ನು ಮುಂದಿನವನಿಗೆ ಬಡ್ಡಿ ಸೇರಿಸಿ ದಾಟಿಸುವನು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಕಾಟವು ಆಸ್ತಿಯಂತೆ ಇಳಿದು ಬಂದಿತು.

1828ರಲ್ಲಿ ರಗ್ಬಿ ಶಾಲೆಗೆ ಮುಖ್ಯೋಪಾಧ್ಯಾಯನಾಗಿ ಬಂದ ಥಾಮಸ್ ಆರ್ನಲ್ಡ್ ಇದನ್ನು ಕಂಡ. ಈತ ಫ್ಯಾಗಿಂಗನ್ನು ಕಿತ್ತೊಗೆಯಲಿಲ್ಲ. ಅದು ಇರಬೇಕೆಂದೇ ವಾದಿಸಿದ. ಆದರೆ ಮೇಲಿನ ತರಗತಿಯ ಹುಡುಗರನ್ನು ಕರೆದು, ನಿಮ್ಮ ಕೈಯಲ್ಲಿ ಅಧಿಕಾರವಿದೆ, ಆದುದರಿಂದ ಚಿಕ್ಕವರ ಯೋಗಕ್ಷೇಮಕ್ಕೆ ನೀವೇ ಹೊಣೆ ಎಂಬ ಭಾವವನ್ನು ಅವರಲ್ಲಿ ಬೇರೂರಿಸಲು 1842ರಲ್ಲಿ ತಾನು ಸಾಯುವವರೆಗೂ ಯತ್ನಿಸಿದ. ಹಕ್ಕಿಗೆ ಹೊಣೆಯನ್ನು ಗಂಟುಹಾಕಿದುದು ಈತನ ಹಿರಿಮೆ. ಹಕ್ಕನ್ನೇ ಪ್ರಶ್ನಿಸದೆ ಬಿಟ್ಟುದು ಈತನ ಮಿತಿ. ಆ ಮಿತಿ ಎಲ್ಲಿಗೆ ಮುಟ್ಟಬಲ್ಲದೆಂಬುದು 1872ರಲ್ಲಿ ವಿಂಚೆಸ್ಟರ್ ಎಂಬ ಇನ್ನೊಂದು ಶಾಲೆಯಲ್ಲಿ ಕಂಡಿತು. ಹುಡುಗರು ತಮ್ಮತಮ್ಮಲ್ಲೇ ಬಳಸುವ ಗುಟ್ಟಿನ ಪದಗಳ ಪರೀಕ್ಷೆಗೆ ಬರಲೊಪ್ಪದ ಒಬ್ಬ ವಿದ್ಯಾರ್ಥಿಗೆ ಅಲ್ಲಿನ ವಿದ್ಯಾರ್ಥಿ ನಾಯಕ ಮೂವತ್ತು ಬೆತ್ತದೇಟು ಹೊಡೆದ. ಸುದ್ದಿ ಪತ್ರಿಕೆಗಳಿಗೆ ಮುಟ್ಟಿ ದೇಶದಲ್ಲೆಲ್ಲ ಗದ್ದಲವಾಯಿತು.

ಆರ್ನಲ್ಡನ ಕಾಲದ ರಗ್ಬಿಯಲ್ಲಿ ಓದಿದ ಥಾಮಸ್ ಹ್ಯೂಸ್ 1857ರಲ್ಲಿ ‘ಟಾಮ್ ಬ್ರೌನನ ಶಾಲೆಯ ದಿನಗಳು’ ಎಂಬ ಕಾದಂಬರಿಯನ್ನು ಪ್ರಕಟಿಸಿದ. ಫ್ಲಾಷ್‌ಮನ್ ಎಂಬ ಪುಂಡ ಅದರಲ್ಲಿ ಟಾಮನನ್ನು ಹಿಡಿದು ಉರಿಯುವ ಒಲೆಯ ಮುಂದೆ ನಿಲ್ಲಿಸಿ ಬೇಯಿಸುವ ಭಾಗ ಓದಿದವರ ಮನಸ್ಸಿನಿಂದ ಮಾಸುವಂತಹುದಲ್ಲ. ಆದರೆ ಎರಡು ಸಂಗತಿಗಳನ್ನು ಓದುಗರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ಸುಟ್ಟವರು ಯಾರೆಂದು ಟಾಮ್ ಹೇಳುವುದಿಲ್ಲ; ಹೇಳದಿರುವುದನ್ನೇ ಗೆಳೆಯರು ಶೌರ್ಯವೆಂದು ಕೊಂಡಾಡುತ್ತಾರೆ. ಫ್ಲಾಷ್‌ಮನ್ ಕೊನೆಗೆ ಶಾಲೆಯಿಂದ ಹೊರಬೀಳುವುದು ಕುಡಿದು ಸಿಕ್ಕಿಬಿದ್ದುದಕ್ಕಾಗಿಯೇ ಹೊರತು ಹುಡುಗನನ್ನು ಸುಟ್ಟುದಕ್ಕಾಗಿ ಅಲ್ಲ. ಕಾಟವನ್ನು ಇಷ್ಟು ಮನಮುಟ್ಟುವಂತೆ ಬಣ್ಣಿಸಿದ ಲೇಖಕನಿಗೂ, ಬಾಯಿಬಿಟ್ಟು ಹೇಳುವುದು ಹೇಡಿತನವೆಂಬ ಆ ಶಾಲೆಗಳ ನಂಬಿಕೆಯನ್ನು ದಾಟಲಾಗಲಿಲ್ಲ. ಧರ್ಮರಾಯ ಭೀಮನಿಗೆ ಹೇಳಿದ ಮಾತೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಇನ್ನು ಫುಟ್‌ಬಾಲಿನ ಮಾತಿಗೆ ಬರೋಣ. ಆ ಕಾಲದಲ್ಲಿ ಒಂದೊಂದು ಶಾಲೆಗೆ ಒಂದೊಂದು ಬಗೆಯ ಫುಟ್‌ಬಾಲ್ ಇದ್ದಿತು. ರಗ್ಬಿ ಶಾಲೆಯ ಬಗೆಯಲ್ಲಿ ‘ಹ್ಯಾಕಿಂಗ್’ ಎಂಬುದು ಆಟದ ಅಂಗವಾಗಿತ್ತು. ಹಾಗೆಂದರೆ ಎದುರಾಳಿಯ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿಗೆ, ಬೇಕೆಂದೇ ಬೂಟುಗಾಲಿನಿಂದ ಒದೆಯುವುದು. ಚೆಂಡಿಗೆ ಒದೆಯಲು ಬಾರದವನೂ ಕಾಲಿಗೆ ಒದೆಯಬಲ್ಲ. ಆದುದರಿಂದ ಬಲಿಷ್ಠರಿಗೆ ಇದು ದುರ್ಬಲರ ಮೇಲೆ ಕೈ ಮಾಡಲು, ಅಲ್ಲ, ಕಾಲು ಮಾಡಲು ಸಿಕ್ಕ ರಾಜಮಾರ್ಗ. 1845ರ ಆಗಸ್ಟಿನಲ್ಲಿ ಆ ಶಾಲೆಯ ಮೂವರು ಹಿರಿಯ ವಿದ್ಯಾರ್ಥಿಗಳು ಕುಳಿತು ಆಟದ ನಿಯಮಗಳನ್ನು ಮೊಟ್ಟಮೊದಲ ಬಾರಿಗೆ ಬರವಣಿಗೆಗೆ ಇಳಿಸಿದರು. ಮೂವರಲ್ಲಿ ಒಬ್ಬ ಆರ್ನಲ್ಡನ ಮಗ ವಿಲಿಯಂ. ಈತ ಮುಂದೆ ನಮ್ಮ ದೇಶಕ್ಕೆ ಬಂದು ಪಂಜಾಬಿನ ವಿದ್ಯಾ ಇಲಾಖೆಯ ಮೊದಲ ನಿರ್ದೇಶಕನಾದ. ಆ ಹುಡುಗರು ಹ್ಯಾಕಿಂಗನ್ನು ನಿಲ್ಲಿಸಲಿಲ್ಲ. ಆದರೆ ಹಿಮ್ಮಡಿಯಿಂದ ಒದೆಯಬಾರದು, ಮೊಣಕಾಲಿನ ಮೇಲೆ ಒದೆಯಬಾರದು, ಬೂಟಿನ ಅಡಿಯಲ್ಲಿ ಚಾಚಿದ ಮೊಳೆಯಾಗಲಿ ಕಬ್ಬಿಣದ ತಗಡಾಗಲಿ ಇರಬಾರದು ಎಂದು ಬರೆದರು. ಬೇಡವೆಂದು ಬರೆಯಬೇಕಾಯಿತೆಂದರೆ ಅಂಥ ಬೂಟುಗಳೂ ಅಂಥ ಒದೆಗಳೂ ಬಯಲಿನಲ್ಲಿ ಇದ್ದವೆಂದೇ ಅರ್ಥವಲ್ಲವೆ? ಆದರೂ ಇದು ಸಣ್ಣ ಹೆಜ್ಜೆಯಲ್ಲ. ಬಾಯಿಮಾತಿನ ಕಟ್ಟಳೆಯನ್ನು ಬಲಿಷ್ಠನು ತನಗೆ ಬೇಕಾದಂತೆ ತಿರುಚಬಲ್ಲ. ಬರೆದ ಕಟ್ಟಳೆಯನ್ನು ಚಿಕ್ಕವನೂ ಬೆರಳಿಟ್ಟು ತೋರಿಸಬಲ್ಲ.

ಹದಿನೆಂಟು ವರ್ಷಗಳ ಅನಂತರ, 1863ರ ಅಕ್ಟೋಬರ್ 26ರಂದು, ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬ ಪಾನಗೃಹದಲ್ಲಿ ಹಲವು ಫುಟ್‌ಬಾಲ್ ಸಂಘಗಳ ಪ್ರತಿನಿಧಿಗಳು ಸೇರಿದರು. ಎಲ್ಲರಿಗೂ ಒಂದೇ ನಿಯಮಾವಳಿ ಬೇಕೆಂಬುದು ಅವರ ಉದ್ದೇಶ. ಡಿಸೆಂಬರಿನವರೆಗೆ ಆರು ಸಭೆಗಳು ನಡೆದವು. ಉಗ್ರವಾದ ವಾದ ಎದ್ದುದು ಹ್ಯಾಕಿಂಗಿನ ವಿಷಯದಲ್ಲಿ. ಬ್ಲ್ಯಾಕ್‌ಹೀತ್ ಸಂಘದ ಕ್ಯಾಂಬೆಲ್, ಇದನ್ನು ತೆಗೆದರೆ ಆಟದ ಕೆಚ್ಚೆಲ್ಲ ಹೋದಂತೆಯೇ, ಆಮೇಲೆ ಒಂದು ವಾರ ಕಲಿತ ಫ್ರೆಂಚರು ಬಂದು ನಿಮ್ಮನ್ನು ಸೋಲಿಸಿಯಾರು ಎಂದು ಹಂಗಿಸಿದ. ಸಭೆಯ ಕಾರ್ಯದರ್ಶಿ ಎಬನೀಜರ್ ಮಾರ್ಲೆ ವೃತ್ತಿಯಿಂದ ವಕೀಲ. ಹ್ಯಾಕಿಂಗ್ ಇಟ್ಟುಕೊಂಡರೆ ವಿವೇಕ ಬಂದ ವಯಸ್ಸಿನವರು ಯಾರೂ ಈ ಆಟಕ್ಕೆ ಬಾರರು, ಇದು ಶಾಲೆಯ ಹುಡುಗರ ಪಾಲಿಗೇ ಉಳಿದೀತು ಎಂದು ಆತ ಉತ್ತರ ಕೊಟ್ಟ. ಕೊನೆಗೆ ಮಾರ್ಲೆಯ ಪಕ್ಷ ಗೆದ್ದಿತು. ಹದಿಮೂರು ನಿಯಮಗಳಲ್ಲಿ ಹತ್ತನೆಯದು ಒದೆಯುವುದನ್ನೂ ಕಾಲು ಕೊಟ್ಟು ಕೆಡವುವುದನ್ನೂ ನಿಷೇಧಿಸಿತು. ಬ್ಲ್ಯಾಕ್‌ಹೀತ್ ಸಂಘದವರು ಎದ್ದು ಹೊರಗೆ ನಡೆದರು.

ಮಾರ್ಲೆಯ ಮಾತಿನಲ್ಲಿ ನಮ್ಮನ್ನು ತಡೆದು ನಿಲ್ಲಿಸಬೇಕಾದುದೊಂದು ಇದೆ. ದೊಡ್ಡವರು ತಮ್ಮ ಮೈಗೆ ಬೇಡವೆಂದುದನ್ನು ಹುಡುಗರ ಮೈಗೆ ಬಿಡಬಹುದೆಂದು ಆ ಕಾಲ ಭಾವಿಸಿತ್ತು. ನಾಳೆ ಕಚೇರಿಗೆ ಹೋಗಬೇಕಾದವನ ಕಾಲಿಗೆ ಬೆಲೆಯುಂಟು. ನಾಳೆ ತರಗತಿಗೆ ಹೋಗಬೇಕಾದವನ ಕಾಲಿಗೆ ಇಲ್ಲವೆ?

ರಗ್ಬಿ ಶಾಲೆಯಲ್ಲಿ ಮತ್ತೂ ಕೆಲವು ವರ್ಷ ಹ್ಯಾಕಿಂಗ್ ಉಳಿಯಿತು. 1870ರಲ್ಲಿ, ಆ ಆಟದಲ್ಲಿ ಹುಡುಗರಿಗಾಗುತ್ತಿದ್ದ ಗಾಯಗಳನ್ನು ಎತ್ತಿ ತೋರಿಸಿ ‘ಒಬ್ಬ ಶಸ್ತ್ರವೈದ್ಯ’ ಎಂಬ ಅಂಕಿತದಲ್ಲಿ ‘ಟೈಮ್ಸ್’ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಹುಡುಗರು ಹೇಳಲಿಲ್ಲ, ಅವರ ಗಾಯ ಕಟ್ಟುವವನು ಹೇಳಿದ. ಮರುವರ್ಷ, 1871ರ ಜನವರಿ 26ರಂದು, ರಗ್ಬಿ ಬಗೆಯ ಆಟವನ್ನು ಆಡುತ್ತಿದ್ದ ಇಪ್ಪತ್ತೊಂದು ಸಂಘಗಳು ಸೇರಿ ತಮ್ಮದೇ ಒಕ್ಕೂಟವನ್ನು ಕಟ್ಟಿದವು. ಅದರಲ್ಲಿ ಬ್ಲ್ಯಾಕ್‌ಹೀತ್ ಸಂಘವೂ ಇದ್ದಿತು. ಅವರು ಬರೆದುಕೊಂಡ ನಿಯಮಾವಳಿ ಏನೆಂದಿತು? ಯಾವ ಸಂದರ್ಭದಲ್ಲಿಯೂ ಹ್ಯಾಕಿಂಗ್ ಕೂಡದು ಎಂದಿತು! ಎಂಟು ವರ್ಷಗಳ ಹಿಂದೆ ಯಾವುದನ್ನು ಆಟದ ಪ್ರಾಣವೆಂದು ಹಿಡಿದು ಸಭೆ ಬಿಟ್ಟು ನಡೆದಿದ್ದರೋ ಅದನ್ನು ತಾವೇ ಕೈಯಾರೆ ತೆಗೆದುಹಾಕಿದರು. ಆಟ ಸತ್ತಿತೆ? ಫುಟ್‌ಬಾಲ್ ಇಂದು ಲೋಕದಲ್ಲೆಲ್ಲ ಹರಡಿದೆ. ರಗ್ಬಿಯೂ ಉಳಿದು ಬೆಳೆದಿದೆ. ಸತ್ತದ್ದು ಒದೆತ ಮಾತ್ರ. ಆ ಫ್ರೆಂಚರೂ ರಗ್ಬಿಯನ್ನು ಕಲಿತು ಇಂಗ್ಲಿಷರನ್ನು ಅನೇಕ ಬಾರಿ ಸೋಲಿಸಿದ್ದಾರೆ. ಅದರಿಂದ ಯಾರ ಪೌರುಷಕ್ಕೂ ಕುಂದು ಬಂದಂತಿಲ್ಲ.

ಈ ಆಟಗಳೂ ಇವುಗಳ ಹಿಂದಿನ ವಿಚಾರಗಳೂ ನಮ್ಮ ನಾಡಿಗೆ ಬಂದ ದಾರಿಗಳಲ್ಲಿ ಒಂದನ್ನು ಹೇಳಬೇಕು. ಆರ್ನಲ್ಡನ ಕೈಕೆಳಗೆ ರಗ್ಬಿಯಲ್ಲಿ ಉಪಾಧ್ಯಾಯನಾಗಿದ್ದ ಜಾರ್ಜ್ ಕಾಟನ್ ಎಂಬಾತ 1852ರಲ್ಲಿ ಮಾರ್ಲ್‌ಬರೊ ಶಾಲೆಯ ಮುಖ್ಯಸ್ಥನಾದ. ಅದಕ್ಕೆ ಹಿಂದಿನ ವರ್ಷವಷ್ಟೇ ಅಲ್ಲಿನ ಹುಡುಗರು ದಂಗೆಯೆದ್ದು ಕಿಟಕಿ ಬಾಗಿಲು ಒಡೆದಿದ್ದರು. ಅಲೆದಾಟ, ಬೇಟೆ, ಪುಂಡಾಟಗಳಲ್ಲಿ ಕಳೆಯುತ್ತಿದ್ದ ಹೊತ್ತನ್ನು ಕಟ್ಟುಪಾಡಿನ ಆಟಗಳಿಗೆ ತಿರುಗಿಸಬೇಕೆಂದು ಕಾಟನ್ 1853ರಲ್ಲಿ ತಂದೆತಾಯಿಗಳಿಗೆ ಪತ್ರ ಬರೆದ. ಆಟದ ಬಯಲಿಗೆ ಉಪಾಧ್ಯಾಯರೂ ಹೋಗತೊಡಗಿದರು. ಟಾಮ್ ಬ್ರೌನನ ಕಥೆಯಲ್ಲಿ ಬರುವ ತರುಣ ಉಪಾಧ್ಯಾಯನ ಪಾತ್ರಕ್ಕೆ ಈತನೇ ಮೂಲವೆಂದು ಹೇಳುತ್ತಾರೆ. 1858ರಲ್ಲಿ ಕಲ್ಕತ್ತೆಯ ಬಿಷಪ್ಪನಾಗಿ ಬಂದ ಈತ 1866ರಲ್ಲಿ ಬಂಗಾಳದ ಕುಷ್ಟಿಯಾದ ಬಳಿ ದೋಣಿ ಹತ್ತುವಾಗ ಕಾಲು ಜಾರಿ ನದಿಯ ಪಾಲಾದ. 1865ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆಗೆ ಇರುವುದು ಈತನದೇ ಹೆಸರು. ಆಟವು ಪುಂಡತನಕ್ಕೆ ಮದ್ದಾಗಬಲ್ಲದೆಂಬ ಕಾಟನ್ನನ ನಂಬಿಕೆ ಸುಳ್ಳಲ್ಲ. ಆದರೆ ಆ ಮದ್ದನ್ನೂ ಅಳತೆಯರಿತು ಕೊಡಬೇಕು.

ಅಳತೆ ತಪ್ಪಿದುದಕ್ಕೆ ನಿದರ್ಶನ ಕಾಶ್ಮೀರದಲ್ಲಿದೆ. ಶ್ರೀನಗರದ ಮಿಷನ್ ಶಾಲೆಯಲ್ಲಿ ಟಿಂಡೇಲ್ ಬಿಸ್ಕೊ ಎಂಬ ಪಾದ್ರಿ 1891ರಲ್ಲಿ ಹುಡುಗರ ಮುಂದೆ ಫುಟ್‌ಬಾಲನ್ನು ತಂದಿಟ್ಟ. ಬ್ರಾಹ್ಮಣರ ಹುಡುಗರು ಚರ್ಮದ ಚೆಂಡನ್ನು ಮುಟ್ಟಲೊಲ್ಲೆವೆಂದರು. ಈತ ಉಪಾಧ್ಯಾಯರ ಕೈಗೆ ಕೋಲು ಕೊಟ್ಟು, ಸುತ್ತ ನಿಲ್ಲಿಸಿ, ಬೆದರಿಸಿ ಆಡಿಸಿದ. ಮುಖಕ್ಕೆ ಚೆಂಡು ಬಡಿದು ಮೈಲಿಗೆಯಾಯಿತೆಂದು ಅತ್ತ ಹುಡುಗನನ್ನು ಕಾಲುವೆಗೆ ಕಳಿಸಿ ಮುಖ ತೊಳೆಸಿ ಆಟವನ್ನು ಮುಂದುವರಿಸಿದ. ಇದನ್ನು ಆತನೇ ಹೆಮ್ಮೆಯಿಂದ ಬರೆದಿಟ್ಟಿದ್ದಾನೆ. ಕಾಲಾನಂತರ ಅಲ್ಲಿನ ಹುಡುಗರು ಆ ಆಟವನ್ನು ತಾವಾಗಿ ಒಲಿದರೆಂಬುದೂ ನಿಜ. ಮಡಿಮೈಲಿಗೆಯ ಕಟ್ಟು ಸಡಿಲಬೇಕಾಗಿದ್ದುದೂ ನಿಜ. ಆದರೂ ಒಳ್ಳೆಯದಕ್ಕೆಂದು ಹಿಡಿದ ಕೋಲೂ ಕೋಲೇ. ಅಳುವ ಮಗುವನ್ನು ಅಣಕಿಸಿ ಆಡಿಸುವ ಶಿಕ್ಷಕ ಆಟವನ್ನು ಕಲಿಸುವುದಕ್ಕೆ ಮೊದಲು ಇನ್ನೊಂದು ಪಾಠವನ್ನು ಕಲಿಸಿರುತ್ತಾನೆ: ಬಲವಿದ್ದವನ ಮಾತೇ ನಡೆಯುವುದು ಎಂಬ ಪಾಠ.

ಇಂಗ್ಲೆಂಡಿನ ಶಾಲೆಗಳಲ್ಲಿ ಫ್ಯಾಗಿಂಗ್ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರಮೇಣ ಅಳಿಯಿತು. ನಮ್ಮಲ್ಲಿ ಅದೇ ಬಳಗದ ರ‍್ಯಾಗಿಂಗ್ ಕಾಲೇಜು ಮತ್ತು ವಿದ್ಯಾರ್ಥಿನಿಲಯಗಳಲ್ಲಿ ಬೇರೂರಿ ಹಲವರ ಪ್ರಾಣವನ್ನೇ ತೆಗೆಯಿತು. ಕಾನೂನು ಸುಮ್ಮನೆ ಕುಳಿತಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆ ರ‍್ಯಾಗಿಂಗನ್ನು ಶಿಕ್ಷಾರ್ಹ ಅಪರಾಧವೆಂದು ಹೆಸರಿಸಿತು. 2001ರಲ್ಲಿ ಸುಪ್ರೀಂ ಕೋರ್ಟು ಇದನ್ನು ತಡೆಯುವ ಹೊಣೆ ಸಂಸ್ಥೆಗಳದೆಂದು ಸೂಚನೆಗಳನ್ನು ಕೊಟ್ಟಿತು. 2009ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಉನ್ನತ ಶಿಕ್ಷಣಸಂಸ್ಥೆಗಳಿಗೆ ವಿಸ್ತಾರವಾದ ನಿಯಮಗಳನ್ನು ಮಾಡಿತು. ಅದೇ ವರ್ಷದ ಶಿಕ್ಷಣದ ಹಕ್ಕಿನ ಕಾಯಿದೆಯ ಹದಿನೇಳನೆಯ ವಿಧಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ 2012ರ ಕಾಯಿದೆ ಬಂದಿದೆ. ಅಂಥ ಕೃತ್ಯ ತಿಳಿದೂ ತಿಳಿಸದಿರುವುದು ಈ ಕಾಯಿದೆಯಂತೆ ತಪ್ಪು. ಮೌನವು ಶೌರ್ಯವೆಂಬ ಹಳೆಯ ನಂಬಿಕೆಗೆ ಕಾನೂನು ಕೊಟ್ಟ ಉತ್ತರವಿದು.

ಆದರೆ ಕಾಯಿದೆಯ ಪುಸ್ತಕ ಬಯಲಿಗೆ ನಡೆದು ಬರುವುದಿಲ್ಲ, ನಾವು ಹೋಗಬೇಕು. ಮೇಲಿನ ಚರಿತ್ರೆಯಿಂದ ನಾವು ಮಾಡಬಹುದಾದ ಕೆಲಸಗಳು ತಾವಾಗಿಯೇ ಕಾಣುತ್ತವೆ. ರಗ್ಬಿಯ ಹುಡುಗರು ಮಾಡಿದಂತೆ, ಆಟಕ್ಕೂ ತಂಡದ ನಡವಳಿಕೆಗೂ ನಿಯಮಗಳನ್ನು ಮಕ್ಕಳಿಂದಲೇ ಬರೆಯಿಸಿ, ಓದಿಸಿ, ಎಲ್ಲರಿಗೂ ಕಾಣುವಲ್ಲಿ ತೂಗುಹಾಕಬೇಕು. ತಂಡದ ನಾಯಕನನ್ನು ಆರಿಸುವಾಗ ಅವನ ಓಟದ ವೇಗದ ಜೊತೆಗೆ, ಸೋತವನೊಡನೆ ಅವನು ಹೇಗೆ ಮಾತಾಡುತ್ತಾನೆಂಬುದನ್ನೂ ನೋಡಬೇಕು. ಸಾಮಾನಿನ ಕೋಣೆ, ಬಟ್ಟೆ ಬದಲಿಸುವ ಸ್ಥಳ, ಪಂದ್ಯಕ್ಕೆ ಹೋಗುವ ಬಸ್ಸು, ರಾತ್ರಿ ತಂಗುವ ಛತ್ರ, ಇಲ್ಲೆಲ್ಲ ಹಿರಿಯರ ಕಣ್ಣಿರಬೇಕು; ಕಾಟ ನಡೆಯುವುದು ಬಹುಮಟ್ಟಿಗೆ ಆಟ ಮುಗಿದ ಮೇಲೆ. ಹೆಣ್ಣುಮಕ್ಕಳ ತಂಡ ಪರಸ್ಥಳಕ್ಕೆ ಹೋದರೆ ಜೊತೆಗೆ ಉಪಾಧ್ಯಾಯಿನಿಯೊಬ್ಬರು ಇರಲೇಬೇಕು. ತಂಡಕ್ಕೆ ಆರಿಸುವವನೂ ದೂರು ಕೇಳುವವನೂ ಒಬ್ಬನೇ ಆಗಿರಬಾರದು. ಆಗಿದ್ದರೆ ಯಾವ ಮಗು ತಾನೇ ಬಾಯಿ ತೆರೆದೀತು?

ಮನೆಯವರ ಪಾತ್ರವೂ ಸಣ್ಣದಲ್ಲ. ಬಯಲಿನಿಂದ ಬಂದ ಮಗುವನ್ನು ನಾವು ಮೊದಲು ಕೇಳುವುದು ‘ಗೆದ್ದೆಯಾ?’ ಎಂದು. ‘ಯಾರ ಜೊತೆ ಆಡಿದೆ? ಹೇಗಿತ್ತು?’ ಎಂದು ಕೇಳುವ ಮನೆಗಳಲ್ಲಿ ಮಾತು ಹೊರಡುತ್ತದೆ. ಇದ್ದಕ್ಕಿದ್ದಂತೆ ಆಟ ಬೇಡವೆನ್ನುವ ಮಗುವನ್ನು ಸೋಮಾರಿಯೆಂದು ಗದರಿಸುವುದಕ್ಕೆ ಮೊದಲು ಕಾರಣವನ್ನು ವಿಚಾರಿಸಬೇಕು. ನಮ್ಮ ಮಗುವೇ ಇನ್ನೊಬ್ಬರನ್ನು ಕಾಡುತ್ತಿದೆಯೆಂದು ತಿಳಿದರೆ ‘ಗಂಡು ಮಗ, ಇದ್ದದ್ದೇ’ ಎಂದು ನಗಬಾರದು. ಭೀಮನ ತುಂಟಾಟವನ್ನು ಕಂಡು ನಕ್ಕವರೂ ಆ ಅರಮನೆಯಲ್ಲಿ ಇದ್ದಿರಬೇಕು. ಶಾಲೆಯಲ್ಲಿ ಕೇಳುವವರಿಲ್ಲದಿದ್ದರೆ ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ನಮ್ಮ ಆಟಗಳಿಗೆ ಈ ವಿವೇಕ ಹೊಸದೇನೂ ಅಲ್ಲ. ಬುಗುರಿಯಾಟದಲ್ಲಿ ಸೋತವನ ಬುಗುರಿಗೆ ಗುನ್ನ ಬೀಳುತ್ತದೆ, ಹುಡುಗನ ಮೈಗೆ ಬೀಳುವುದಿಲ್ಲ. ಕಬಡ್ಡಿಯಂತಹ ಕಸುವಿನ ಆಟವನ್ನೇ ನೋಡಿ. ಹಿಡಿ, ಎಳೆ, ಕೆಡವು ಎಲ್ಲವೂ ಅದರಲ್ಲಿ ಉಂಟು. ಆದರೂ ಉಗುರನ್ನು ಕತ್ತರಿಸಿಕೊಂಡೇ ಅಂಕಣಕ್ಕೆ ಇಳಿಯಬೇಕೆಂದು ಅದರ ನಿಯಮ ಹೇಳುತ್ತದೆ. ರಗ್ಬಿಯ ಬೂಟಿನ ಮೊಳೆಗೂ ನಮ್ಮ ಹುಡುಗರ ಉಗುರಿಗೂ ವಿಧಿಸಿದ ಕಟ್ಟಳೆ ಒಂದೇ. ಅದಕ್ಕಿಂತ ದೊಡ್ಡದು ಇನ್ನೊಂದು ನಿಯಮ. ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಗಳ ನಡುವೆ ಒಬ್ಬನೇ ಬಂದವನನ್ನು ಏಳು ಮಂದಿ ಸೇರಿ ಹಿಡಿಯಬಹುದು, ಆದರೆ ಅವನ ಬಾಯನ್ನು ಮುಚ್ಚಬಾರದು. ಅಂಕಣದಲ್ಲಿ ನಾವು ಒಪ್ಪಿರುವ ಈ ಕಟ್ಟಳೆಯನ್ನು ಶಾಲೆಯಲ್ಲಿಯೂ ಮನೆಯಲ್ಲಿಯೂ ನಡೆಸಿದರೆ ನಮ್ಮ ಮಕ್ಕಳು ಆಟವನ್ನು ಆಟವಾಗಿಯೇ ಆಡಿ ಬೆಳೆದಾರು.